ಓಡಿಸೋಕೆ ಖುಷಿ ಕೊಡೋ ಕಾರು ಯಾವುದು, ಆ ಖುಷಿ ಇರೋದು ಯಾವ ಪಾರ್ಟ್‌ನಲ್ಲಿ?

ಮೂರನೇ_ಗೇರು

ಇಷ್ಟದ ಕಾರಿನ ಮಾತು ಶುರುವಾದ್ರೆ ಹಾರ್ಸ್‌ಪವರ್ ಎಷ್ಟು, ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡು ಅನ್ನೋದಕ್ಕೇ ಬಂದು ನಿಲ್ಲತ್ತೆ. ಇಲ್ಲಿ ಬೇರೆ ಥರ ಮಾಡೋಣ. ಕಾರಿನ ಹೆಸರು ಹೇಳಿ, ಓಡಿಸುವಾಗಿನ ಖುಷಿ ಅದರ ಯಾವ ಭಾಗದಿಂದ ಬರತ್ತೆ, ಏನು ಸವೆದ್ರೆ ಆ ಖುಷಿ ಹೋಗತ್ತೆ, ವಾಪಸ್ ತರೋದು ಹೇಗೆ ಅಂತ ಬರೀರಿ. "ನಮ್ಮನೇಲಿ ಒಂದಿತ್ತು" ಕಥೆಗಳು ಇಲ್ಲಿ ಬೇಡ.

ನಾನೇ ಶುರು ಮಾಡ್ತೀನಿ. ಮಜ್ದಾ ಎಂಎಕ್ಸ್-5, ಮೊದಲನೇ ತಲೆಮಾರು, 1989ರ ಶಿಕಾಗೊ ಆಟೋ ಶೋನಲ್ಲಿ ಹೊರಬಂದದ್ದು. 1.6 ಲೀಟರ್ ಎಂಜಿನ್, ಸುಮಾರು 115 ಹಾರ್ಸ್‌ಪವರ್. ಇವತ್ತಿನ ಲೆಕ್ಕದಲ್ಲಿ ಅದೇನೂ ಅಲ್ಲ. ಆದ್ರೆ ತೂಕ ಒಂದು ಟನ್ನಿಗಿಂತ ಕಮ್ಮಿ, ನಾಲ್ಕೂ ಚಕ್ರಕ್ಕೆ ಡಬಲ್ ವಿಶ್‌ಬೋನ್ (ಮೇಲೊಂದು ಕೆಳಗೊಂದು ತೋಳು ಚಕ್ರವನ್ನ ಹಿಡಿದಿರೋ ಸಸ್ಪೆನ್ಷನ್), ಜೊತೆಗೆ ಗೇರ್‌ಬಾಕ್ಸ್‌ನಿಂದ ಡಿಫರೆನ್ಷಿಯಲ್‌ವರೆಗೆ (ಹಿಂದಿನ ಎರಡೂ ಚಕ್ರಕ್ಕೆ ಶಕ್ತಿ ಹಂಚೋ ಪೆಟ್ಟಿಗೆ) ಒಂದು ಗಟ್ಟಿ ಅಲ್ಯೂಮಿನಿಯಂ ತೊಲೆ. ಆ ತೊಲೆ ಎರಡನ್ನೂ ಕಟ್ಟಿಹಾಕಿರೋದ್ರಿಂದ ಆಕ್ಸಿಲರೇಟರ್ ಒತ್ತಿದಾಗ ಅವು ಬೇರೆ ಬೇರೆ ತಿರುಚಿಕೊಳ್ಳಲ್ಲ. ಕಾಲು ಒತ್ತಿದ್ದು ಹಿಂದಿನ ಚಕ್ರಕ್ಕೆ ತಡವಾಗದೆ ಮುಟ್ಟತ್ತೆ.

ಎಲ್ಲರೂ ಹೊಗಳೋದು ಗೇರ್ ಲಿವರನ್ನ. ಅದು ಕೇಬಲ್ ಮೂಲಕ ಅಲ್ಲ, ನೇರ ಗೇರ್‌ಬಾಕ್ಸ್ ಮೇಲೇ ಕೂತಿದೆ. ಲಿವರ್ ಬುಡದಲ್ಲಿ ಒಂದು ಪುಟ್ಟ ಗುಂಡಿ, ಅದರಲ್ಲಿ ಗೇರ್‌ಬಾಕ್ಸ್‌ನಿಂದ ಪ್ರತ್ಯೇಕವಾದ ಆಯಿಲ್ ಇರತ್ತೆ. ಗೇರ್ ಆಯಿಲ್ ಬದಲಿಸಿದವರು ಈ ಗುಂಡೀನ ಮರೀತಾರೆ. ಒಳಗಿನ ರಬ್ಬರ್ ಬೂಟ್ ಹರಿದಿದ್ರೆ ಆಯಿಲ್ ಒಣಗಿ ಲಿವರ್ ಗಡಸಾಗತ್ತೆ, ಗುಬಟು ಕೈಗೆ ಬಿಸಿ ತಾಗತ್ತೆ, ಕೆಳಗಿನ ಸದ್ದೆಲ್ಲ ಒಳಗೆ ಬರತ್ತೆ.

ಕೆಲಸ ಒಂದೂವರೆ ಗಂಟೆದು. ಗುಬಟು ತಿರುಗಿಸಿ ತೆಗೀರಿ, ಮಧ್ಯದ ಕನ್ಸೋಲ್ ಎತ್ತಿ, ದೊಡ್ಡ ಬೂಟಿನ ನಾಲ್ಕು ಬೋಲ್ಟ್, ಆಮೇಲೆ ಸಣ್ಣ ಬೂಟ್, ಲಿವರ್ ಹಿಡಿದಿರೋ ಮೂರು ಬೋಲ್ಟ್. ಲಿವರ್ ಮೇಲಕ್ಕೆ ಬಂದಾಗ ತುದಿಯಲ್ಲಿರೋ ನೈಲಾನ್ ಬುಷ್ ಗುಂಡಿಯಲ್ಲೇ ಉಳಿದಿದೆಯಾ ನೋಡಿ. ಸಿರಿಂಜ್ ಹಾಕಿ ಹಳೇ ಕೊಳಕು ಹೀರಿ ತೆಗೆದು, 75ಡಬ್ಲ್ಯು-90 ಜಿಎಲ್-4 ಆಯಿಲ್ 80ರಿಂದ 90 ಮಿ.ಲೀ. ಹಾಕಿ, ಹೊಸ ಬುಷ್, ಹೊಸ ಬೂಟ್ ಕೂರಿಸಿ. ಗೇರ್‌ಬಾಕ್ಸ್‌ಗೆ ಬೇರೆ 2 ಲೀಟರ್. ಆಗ ಡ್ರೈನ್ ಬೋಲ್ಟ್‌ಗಿಂತ ಮೊದಲು ಮೇಲಿನ ಫಿಲ್ಲರ್ ಬೋಲ್ಟ್ ಬಿಚ್ಚಿಕೊಳ್ಳುತ್ತೆ ಅನ್ನೋದನ್ನ ಖಾತ್ರಿ ಮಾಡ್ಕೊಳಿ. ಎಲ್ಲಾ ಸುರಿದಾದ್ಮೇಲೆ ಫಿಲ್ಲರ್ ಬಿಚ್ಚಲಿಲ್ಲ ಅಂದ್ರೆ ಕಾರು ಅಲ್ಲೇ ಕೂತಿರತ್ತೆ.

ಗೇರ್ ಬೀಳುವಾಗ ಕಿರ್ ಅಂದ್ರೆ ಮೊದಲು ಗೇರ್‌ಬಾಕ್ಸ್ ಬೈಬೇಡಿ. ಕ್ಲಚ್ ಸ್ಲೇವ್ ಸಿಲಿಂಡರ್‌ನ (ಗೇರ್‌ಬಾಕ್ಸ್ ಕಡೆ ಕ್ಲಚ್ ತಳ್ಳೋದು) ರಬ್ಬರ್ ಬೂಟನ್ನ ಸ್ವಲ್ಪ ಸರಿಸಿ ನೋಡಿ, ಒಳಗೆ ಒದ್ದೆ ಇದ್ರೆ ಸೀಲ್ ಹೋಗಿದೆ. ಸ್ಲೇವ್ ಬದಲಿಸಿದ್ರೆ ಪೆಡಲ್ ಕಡೆಯ ಮಾಸ್ಟರ್ ಸಿಲಿಂಡರನ್ನೂ ಬದಲಿಸಿ. ಹೊಸ ಸ್ಲೇವ್‌ನಿಂದ ಪೂರ್ತಿ ಒತ್ತಡ ಬಂದಾಗ ಹಳೇ ಮಾಸ್ಟರ್ ಸೀಲ್ ತಿಂಗಳೊಪ್ಪತ್ತಿನಲ್ಲಿ ಕೈಕೊಡೋದು ಮಾಮೂಲು.

ಕೊನೇದು, ತುಕ್ಕು. ಮೇಲ್ಛಾವಣಿಯಿಂದ ಇಳಿಯೋ ನೀರು ಸೀಟಿನ ಹಿಂದೆ ಎರಡೂ ಬದಿಯ ಡ್ರೈನ್ ರಂಧ್ರದಲ್ಲಿ ಹೋಗಿ ಹಿಂದಿನ ಚಕ್ರದ ಮುಂದೆ ಕೆಳಗೆ ಬೀಳಬೇಕು. ಎಲೆ, ಮಣ್ಣು ಕಟ್ಟಿದ್ರೆ ನೀರು ಬಾಗಿಲ ಕೆಳಗಿನ ಪೆಟ್ಟಿಗೆಯಲ್ಲಿ ನಿಂತು ಒಳಗಿಂದ ತಿನ್ನತ್ತೆ. ತಂತಿ ಹಾಕ್ಬೇಡಿ, ಪ್ಲಾಸ್ಟಿಕ್ ಆಲಿಕೆ ತೂತಾಗತ್ತೆ. ಮೆದು ಪ್ಲಾಸ್ಟಿಕ್ ಪೈಪ್ ತೂರಿಸಿ, ಒಂದು ಬಾಟಲಿ ನೀರು ಹೊಯ್ದು ಕೆಳಗೆ ಧಾರೆ ಬರೋದನ್ನ ನೋಡಿ.

ಫೀಲರ್_ಗೇಜ್

ಒಂದು ತಿದ್ದುಪಡಿ, ಅಥವಾ ಸೇರ್ಪಡೆ ಅನ್ನಿ. ಆ 1.6ರ ಮೊದಲ ಬ್ಯಾಚಿನ ಕ್ರ್ಯಾಂಕ್ ಮೂತಿ (ಎಂಜಿನ್ ಶಾಫ್ಟಿನಲ್ಲಿ ಪುಲಿ ಕೂರುವ ಮುಂದಿನ ತುದಿ) ಗಿಡ್ಡ ಉಂಟು. ಟೈಮಿಂಗ್ ಬೆಲ್ಟ್ ಹಾಕುವಾಗ ಮುಂದಿನ ಬೋಲ್ಟ್ ಸರಿಯಾಗಿ ಬಿಗಿಯಾಗದಿದ್ರೆ ಕೀ ಕೂರುವ ತೋಡು ಸವೆದು ಪುಲಿ ಓಲಾಡ್ತದೆ, ಟೈಮಿಂಗ್ ಜಾರ್ತದೆ, ಎಳೆತ ಕಮ್ಮಿ ಆಗ್ತದೆ. ಗುರುತು ಸುಲಭ: ಕ್ರ್ಯಾಂಕ್ ಪುಲಿ ನಡುವೆ ನಾಲ್ಕು ಸೀಳು ಇದ್ರೆ ಗಿಡ್ಡ ಮೂತಿ, ಎಂಟು ಇದ್ರೆ ಉದ್ದ ಮೂತಿ. ಐಡಲ್‌ನಲ್ಲಿ ಪುಲಿಯ ಅಂಚನ್ನು ಬದಿಯಿಂದ ನೋಡಿ, ಓಲಾಡಿದ್ರೆ ಆ ಕಾರಿನ ವ್ಯವಹಾರವನ್ನು ಅಲ್ಲಿಗೇ ಬಿಡುವುದು ಒಳ್ಳೆಯದು. ಬೆಲ್ಟ್ ಸ್ವತಃ 1 ಲಕ್ಷ ಕಿ.ಮೀ.ಗೆ. ತುಂಡಾದ್ರೂ ಈ ಎಂಜಿನಿನಲ್ಲಿ ವಾಲ್ವ್ ಪಿಸ್ಟನ್‌ಗೆ ಹೊಡೆಯುವುದಿಲ್ಲ ಅನ್ನೋದೊಂದು ಸಮಾಧಾನ.

ಇನ್ನು ನನ್ನ ಮತ ಮರ್ಸಿಡಿಸ್ ಡಬ್ಲ್ಯು123ಕ್ಕೆ, ಅದರಲ್ಲೂ 240ಡಿ ಮತ್ತು 300ಡಿ. 1976ರಿಂದ ಸುಮಾರು ಹತ್ತು ವರ್ಷ, ಹತ್ತಿರ ಹತ್ತಿರ 27 ಲಕ್ಷ ಕಾರು ಮಾಡಿದ್ರು. ವೇಗಕ್ಕೆ ಇದನ್ನು ಯಾರೂ ಇಷ್ಟಪಡುವುದಿಲ್ಲ ಮಾರಾಯ್ರೆ. ಕೆಟ್ಟ ರಸ್ತೆಯಲ್ಲಿ ಹೋಗುವಾಗ ಬಾಡಿಯಲ್ಲಿ ಒಂದು ಕಿರುಗುಟ್ಟುವ ಸದ್ದಿಲ್ಲ, ಸೀಟಿನ ಒಳಗೆ ನಿಜವಾದ ಸ್ಪ್ರಿಂಗ್, ಉದ್ದ ಚಲಿಸುವ ಸಸ್ಪೆನ್ಷನ್. ಆರಾಮ ಅಂದ್ರೆ ಮೆತ್ತಗಿರುವುದಲ್ಲ ಅಂತ ಈ ಕಾರಿನಲ್ಲಿ ಗೊತ್ತಾಗ್ತದೆ.

ಇದರ ಡೀಸೆಲ್ ಎಂಜಿನಿಗೆ ಟ್ಯಾಪೆಟ್ ಹೊಂದಿಸುವುದು, ಅಂದ್ರೆ ವಾಲ್ವ್ ತುದಿಯ ಸಣ್ಣ ಸಂದು ಸರಿ ಮಾಡುವುದು, ಕಡ್ಡಾಯ, 24,000 ಕಿ.ಮೀ.ಗೆ ಒಮ್ಮೆ. ಬಿಟ್ರೆ ವಾಲ್ವ್ ಕ್ಲಿಯರೆನ್ಸ್ ಕಮ್ಮಿ ಆಗ್ತಾ ಬಂದು ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಕಂಪ್ರೆಷನ್ ಹೋಗ್ತದೆ, ಬೆಳಿಗ್ಗೆ ಸ್ಟಾರ್ಟ್ ಕಷ್ಟ. ಜನ ಗ್ಲೋ ಪ್ಲಗ್ ಬದಲಿಸ್ತಾ ಕೂತಿರ್ತಾರೆ, ತಪ್ಪು ಇರುವುದು ಇಲ್ಲಿ.

ತಣ್ಣಗಿನ ಎಂಜಿನ್ ಬೇಕು, ರಾತ್ರಿ ಇಡೀ ನಿಂತದ್ದು. 300ಡಿಯಲ್ಲಿ ಇಂಟೇಕ್ 0.10 ಮಿ.ಮೀ., ಎಕ್ಸಾಸ್ಟ್ 0.30, ಟರ್ಬೊ ಇದ್ರೆ ಎಕ್ಸಾಸ್ಟ್ 0.35. ಕ್ರ್ಯಾಂಕನ್ನು 27 ಮಿ.ಮೀ. ಸಾಕೆಟ್‌ನಲ್ಲಿ ಎಂಜಿನ್ ತಿರುಗುವ ದಿಕ್ಕಿಗೇ ತಿರುಗಿಸಿ, ಹಿಂದಕ್ಕೆ ಬೇಡ. ಕ್ಯಾಮಿನ ಮೂಗು ನೇರ ಮೇಲೆ ಬಂದಾಗ ಆ ವಾಲ್ವ್ ನೋಡುವುದು. ಬಗ್ಗಿಸಿದ ಎರಡು 14 ಮಿ.ಮೀ. ಸ್ಪ್ಯಾನರ್ ಬೇಕಾಗ್ತದೆ, ಒಂದು ಲಾಕ್ ನಟ್‌ಗೆ, ಒಂದು ಮೇಲಿನ ಟೋಪಿ ನಟ್‌ಗೆ. ಬಿಗಿ ಮಾಡುವಾಗ ಅಳತೆ ಬದಲಾಗ್ತದೆ, ಹಾಗಾಗಿ ಬಿಗಿ ಮಾಡಿದ ಮೇಲೆ ಇನ್ನೊಮ್ಮೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ತೂರಿಸಿ. ಸ್ವಲ್ಪ ಹಿಡಿದು ಜಾರಬೇಕು, ಬೆಣ್ಣೆಯಲ್ಲಿ ಚಾಕು ಹೋದ ಹಾಗೆ ಹೋದ್ರೆ ಸಡಿಲ.

ನಾಕ್ಕೂ_ಗಾಲಿ

ಡಬ್ಲ್ಯು123ದಾಗ ಸ್ಟಿಯರಿಂಗ್ ಸಡಿಲ ಇರೋದು ಭಾಳ ಮಂದಿ ಹೇಳ್ತಾರ. ಅದಕ್ಕ ಪರಿಹಾರ ಏನ್ರಿ? ಬಾಕ್ಸ್ ಮ್ಯಾಲಿನ ಸ್ಕ್ರೂ ಬಿಗಿ ಮಾಡಿದ್ರ ಆತೇನು?

ಫೀಲರ್_ಗೇಜ್

ಮೊದಲು ಸ್ಕ್ರೂ ಮುಟ್ಟಬೇಡಿ. ಒಬ್ಬರು ಸ್ಟಿಯರಿಂಗನ್ನು ಅತ್ತಿತ್ತ ಎರಡೆರಡು ಇಂಚು ಆಡಿಸಲಿ, ಇನ್ನೊಬ್ಬರು ಕೆಳಗೆ ಮಲಗಿ ಒಂದೊಂದೇ ಜಾಯಿಂಟ್ ಕೈಯಲ್ಲಿ ಹಿಡಿದು ನೋಡಲಿ. ಹೆಚ್ಚಿನಂಶ ಐಡ್ಲರ್ ಆರ್ಮ್ (ಬಾಕ್ಸಿನ ಎದುರು ಬದಿಯಲ್ಲಿ ಸ್ಟಿಯರಿಂಗ್ ಕೊಂಡಿ ಹಿಡಿದಿರುವ ತೋಳು) ಬುಷ್ ಹೋಗಿರ್ತದೆ. ಸಣ್ಣ ಪಾರ್ಟ್, ಅದೊಂದು ಬದಲಿಸಿದ್ರೆ ಅರ್ಧ ಆಟ ಹೋಯ್ತು. ಆಮೇಲೆ ಸ್ಟಿಯರಿಂಗ್ ರಾಡ್ ಮತ್ತು ಬಾಕ್ಸ್ ನಡುವಿನ ಕಪ್ಲಿಂಗ್, ಆಮೇಲೆ ಟ್ರ್ಯಾಕ್ ರಾಡ್ ತುದಿಗಳು. ಇಷ್ಟಾಗಿಯೂ ಆಟ ಉಳಿದ್ರೆ ಮಾತ್ರ ಬಾಕ್ಸ್. ಆಗಲೂ ಚಕ್ರ ನೇರ ಇಟ್ಟು, ಕಾಲು ಸುತ್ತಿಗಿಂತ ಕಮ್ಮಿ ತಿರುಗಿಸುವುದು. ಬಾಕ್ಸಿನ ಹಲ್ಲುಗಳು ನಟ್ಟನಡುವೆ ಅತ್ಯಂತ ಬಿಗಿಯಾಗಿ ಕೂರುವಂತೆ ಮಾಡಿದ್ದು. ಚಕ್ರ ತಿರುಗಿಸಿಟ್ಟು ಬಿಗಿ ಮಾಡಿದ್ರೆ ನೇರಕ್ಕೆ ಬರುವಾಗ ಕಚ್ಚಿಕೊಳ್ತದೆ, ತಿರುವಿನ ನಂತರ ಸ್ಟಿಯರಿಂಗ್ ತಾನಾಗಿ ವಾಪಸ್ ಬರುವುದಿಲ್ಲ. ಸಡಿಲಕ್ಕಿಂತ ಅದು ಅಪಾಯ.

ಇನ್ನೊಂದು, ಚಾವಿ ತೆಗೆದ್ರೂ ಎಂಜಿನ್ ನಿಲ್ಲದಿದ್ರೆ ಹೆದರಬೇಡಿ. ಈ ಕಾರಿನಲ್ಲಿ ಎಂಜಿನ್ ನಿಲ್ಲಿಸುವುದೂ ಬಾಗಿಲಿನ ಲಾಕೂ ವ್ಯಾಕ್ಯೂಮ್ ಮೇಲೆ. ಎಲ್ಲೋ ಒಂದು ರಬ್ಬರ್ ಕೊಳವೆ ಬಿರುಕು ಬಿಟ್ಟಿರ್ತದೆ. ಬಾನೆಟ್ ಎತ್ತಿ ಸ್ಟಾಪ್ ಅಂತ ಬರೆದ ಲಿವರ್ ಒತ್ತಿದ್ರೆ ನಿಲ್ತದೆ. ಆಮೇಲೆ ಕೈಪಂಪ್ ಹಾಕಿ ಕಂದು ಬಣ್ಣದ ಕೊಳವೆಯಿಂದ ಹುಡುಕಲು ಶುರು ಮಾಡಿ.

ನಾಕ್ಕೂ_ಗಾಲಿ

ಆತ್ರಿ, ಈಗ ನಂದು. ಸುಜುಕಿ ಜಿಮ್ನಿ, 1998ರಿಂದ 2018ರ ತನಕ ಬಂದ ಮೂರನೇ ತಲೆಮಾರಿಂದು. ಮುಂದ ಹಿಂದ ಎರಡೂ ಗಟ್ಟಿ ಆಕ್ಸಲ್, ಏಣಿ ಚಾಸಿ, ಸಣ್ಣ ಮೈಕಟ್ಟು. ಇದರ ಸುಖ ಇರೋದು ನಿಧಾನಕ್ಕ ಓಡ್ಸೋದ್ರಾಗ. ಲೋ ರೇಂಜ್ ಮೊದಲನೇ ಗೇರಿಗೆ ಹಾಕಿ ಕಾಲು ತಗದ್ರ ಕಲ್ಲಿನ ಮ್ಯಾಲ ಹಲ್ಲಿ ಏರಿದಂಗ ಏರ್ತೈತಿ.

ಕೆಡೋದು ಎಲ್ಲಿ ಅಂದ್ರ, 70 ಕಿ.ಮೀ. ಆಸುಪಾಸು ಸ್ಟಿಯರಿಂಗ್ ಗಡಗಡ ನಡಗೋದು. ಸಣ್ಣ ಗುಂಡಿ ಹಾಯ್ದ್ರ ಸಾಕು, ಶುರು. ಎಲ್ಲಾರೂ ಮೊದಲ ಮಾಡೋ ತಪ್ಪು ಅಂದ್ರ ಹೊಸಾ ಸ್ಟಿಯರಿಂಗ್ ಡ್ಯಾಂಪರ್ ಹಾಕ್ಸೋದು. ನಡುಕ ನಾಕ್ ತಿಂಗಳು ಮುಚ್ಚತೈತಿ, ರೋಗ ಹಂಗ ಇರತೈತಿ, ಆಮ್ಯಾಲ ದುಪ್ಪಟ್ಟಾಗಿ ಬರತೈತಿ.

ಈ ಸಾಲಿನಾಗ ಹೋಗ್ರಿ. ಒಂದ, ನಾಕ್ಕೂ ಗಾಲಿ ಬ್ಯಾಲೆನ್ಸ್, ಗಾಳಿ ಸಮ ಐತೇನು ನೋಡ್ರಿ. ಎರಡ, ಪ್ಯಾನ್‌ಹಾರ್ಡ್ ರಾಡಿನ (ಆಕ್ಸಲ್ ಅಡ್ಡ ಸರಿಯದಂಗ ಹಿಡಿಯೋ ಸರಳು) ಬುಷ್: ಎಂಜಿನ್ ಚಾಲೂ ಇಟ್ಟು, ನೆಲದ ಮ್ಯಾಲ ನಿಂತಾಗ ಸ್ಟಿಯರಿಂಗ್ ಆಡಸ್ರಿ, ರಾಡ್ ತುದಿ ಬ್ರ್ಯಾಕೆಟ್ಟಿನಾಗ ಸರದಾಡಬಾರದು. ಮೂರ, ಟ್ರ್ಯಾಕ್ ರಾಡ್ ತುದಿ. ನಾಕ, ಕಿಂಗ್‌ಪಿನ್ (ಗಾಲಿ ಎಡಕ್ಕ ಬಲಕ್ಕ ತಿರುಗೋ ಗೂಟ) ಬೇರಿಂಗ್, ಹೆಚ್ಚಿನ ಪಾಲು ಇದ ಇರತೈತಿ. ಆಕ್ಸಲ್ ಎತ್ತಿ ಸ್ಟ್ಯಾಂಡ್ ಮ್ಯಾಲ ಇಟ್ಟು, ಟ್ರ್ಯಾಕ್ ರಾಡ್ ತುದಿ ಬಿಡಿಸಿ, ಗಾಲಿ ಎಡಕ್ಕ ಬಲಕ್ಕ ತಿರುಗಸ್ರಿ. ಸರಿ ಇದ್ರ ಒಂದ ಸಮ ಬಿಗಿ ಸಿಗಬೇಕು. ನೇರ ಇರೋ ಜಾಗದಾಗ ಟಕ್ ಅಂತ ಗುಂಡಿಗೆ ಬಿದ್ದಂಗ ಆದ್ರ ಬೇರಿಂಗಿನ ದಾರಿಯೊಳಗ ರೋಲರ್ ಗುರುತು ಬಿದ್ದಾವು ಅಂತ ತಿಳೀರಿ. ಪೂರಾ ಸಡಿಲ ತಿರುಗಿದ್ರ ಪ್ರಿಲೋಡ್ (ಬೇರಿಂಗ್ ಮ್ಯಾಲ ಮೊದಲ ಇಟ್ಟ ಬಿಗಿ) ಹೋಗೇತಿ. ಪ್ರಿಲೋಡ್ ಹೆಚ್ಚು ಮಾಡಾಕ ಕಿಂಗ್‌ಪಿನ್ ಕೆಳಗಿನ ಶಿಮ್ (ತೆಳು ತಗಡಿನ ಬಿಲ್ಲೆ) ತಗೀಬೇಕು, ಸೇರಸಬಾರದು. ಇದನ್ನ ಉಲ್ಟಾ ಮಾಡಿ ಕೂಡೋರು ಭಾಳ ಅದಾರ. ಬಿಗಿ ಎಷ್ಟು ಅನ್ನೋದನ್ನ ಕೈ ಅಂದಾಜಿಗೆ ಬಿಡಬ್ಯಾಡ್ರಿ, ಸ್ಪ್ರಿಂಗ್ ತಕ್ಕಡಿ ಕೊಂಡಿ ಹಾಕಿ ಎಳದು ಕೈಪಿಡಿ ಅಂಕಿಗೆ ತರ್ರಿ.

ಆ ಕೆಲಸದಾಗ ಇದ್ದಾಗನ ಆಕ್ಸಲ್ ಒಳಗಿನ ಆಯಿಲ್ ಸೀಲ್ ಹಾಕಿಬಿಡ್ರಿ. ಅದು ಸೋರಿದ್ರ ಡಿಫರೆನ್ಷಿಯಲ್ ಆಯಿಲ್ ಬಂದು ಗ್ರೀಸ್ ಜೋಡಿ ಕೂಡಿ ಗಂಜಿ ಆಗತೈತಿ, ಗಾಲಿ ಒಳಮೈಯಾಗ ಕರೇ ಎಣ್ಣಿ ಇಳೀತೈತಿ.

ಎಡಗಾಲು_ಬ್ರೇಕ್

ಪೂಜೊ 205 ಜಿಟಿಐ. 1984ರಲ್ಲಿ 1.6 ಆಗಿ ಬಂದದ್ದು, ಆಮೇಲೆ 1.9 ಸೇರಿತು. ಇದರ ಹೆಸರು ಕೇಳಿದ್ರೆ ಎಲ್ಲರೂ "ತಿರುವಿನಲ್ಲಿ ಕಾಲು ತೆಗೆದ್ರೆ ಬಾಲ ಹೊರಗೆ ಬೀಸತ್ತೆ" ಅಂತಾರೆ. ನಿಜ. ಹಗುರ ಹಿಂಭಾಗ, ಚಿಕ್ಕ ವೀಲ್‌ಬೇಸ್. ಆಕ್ಸಿಲರೇಟರ್ ಬಿಟ್ಟ ಕೂಡಲೇ ಭಾರ ಮುಂದಕ್ಕೆ ಬಂದು ಹಿಂದಿನ ಟೈರ್ ಹಿಡಿತ ಕಳ್ಕೊಳ್ಳತ್ತೆ. ಬ್ರೇಕೆಲ್ಲ ತಿರುವಿಗೆ ಮೊದಲೇ ಮುಗಿಸಿ, ಒಳಗೆ ಹೋದ್ಮೇಲೆ ಕಾಲು ಸ್ಥಿರವಾಗಿ ಇಟ್ರೆ ಇಂಥ ಚುರುಕು ಮುಂಭಾಗ ಇನ್ನೊಂದಿಲ್ಲ.

ಆದ್ರೆ ಆ ಕೆಟ್ಟ ಹೆಸರಿನಲ್ಲಿ ಅರ್ಧ ಪಾಲು ಸವೆದ ಹಿಂದಿನ ಆಕ್ಸಲ್‌ಗೆ ಸೇರಬೇಕು. ಟ್ರೇಲಿಂಗ್ ಆರ್ಮ್‌ಗಳು (ಹಿಂದಿನ ಚಕ್ರ ಹಿಡಿದಿರೋ ತೋಳುಗಳು) ಸೂಜಿ ಬೇರಿಂಗ್ ಮೇಲೆ ತಿರುಗ್ತವೆ. ಸೀಲ್ ಮೂಲಕ ನೀರು ಹೋದ್ರೆ ಬೇರಿಂಗ್ ತುಕ್ಕು ಹಿಡಿದು ಪುಡಿಯಾಗಿ ಶಾಫ್ಟ್‌ನ ಕೊರೆಯತ್ತೆ. ಗುರುತು: ಹಿಂದಿನಿಂದ ನೋಡಿದ್ರೆ ಚಕ್ರದ ತಲೆ ಒಳಗೆ ವಾಲಿರತ್ತೆ, ಹಂಪ್ ಮೇಲೆ ಕಿರ್ ಅನ್ನತ್ತೆ, ಒಂದು ಬದಿ ಕುಗ್ಗಿರಬಹುದು. ಜ್ಯಾಕ್ ಹಾಕಿ ಚಕ್ರವನ್ನ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದ್ರೆ ಆಟ ಇರೋದು ವೀಲ್ ಬೇರಿಂಗ್‌ನಲ್ಲೋ ಆರ್ಮ್ ಬುಡದಲ್ಲೋ ಗೊತ್ತಾಗತ್ತೆ.

ಬೇಗ ಸಿಕ್ರೆ ಬೇರಿಂಗ್, ಸೀಲ್ ಸಾಕು. ತಡವಾದ್ರೆ ಶಾಫ್ಟ್ ಕೂಡ. ಆಕ್ಸಲ್ ಪೂರ್ತಿ ಇಳಿಸಿ ಮಾಡೋದೇ ಸರಿ. ಇಳಿಸುವಾಗ ಬ್ರೇಕ್ ಪೈಪ್ ಮುರಿಯೋದು ಖಚಿತ ಅಂತ್ಲೇ ಇಟ್ಕೊಂಡು ಹೊಸದು ತಂದಿಟ್ಟಿರಿ. ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗ್ ಕೆಲಸ ಮಾಡೋ ಸರಳು) ತೆಗೆಯೋ ಮೊದಲು ಬಾರ್‌ಗೂ ಆರ್ಮ್‌ಗೂ ಪಂಚ್‌ನಲ್ಲಿ ಗುರುತು ಹಾಕಿ. ಎಡದ್ದು ಬಲಕ್ಕೆ ಹಾಕಂಗಿಲ್ಲ. ವಾಪಸ್ ಜೋಡಿಸುವಾಗ ಶಾಕ್ ಅಬ್ಸಾರ್ಬರ್ ಜಾಗದಲ್ಲಿ ಅಳತೆಗೆ ತೂತು ಕೊರೆದ ಕಬ್ಬಿಣದ ಪಟ್ಟಿ ಬೋಲ್ಟ್ ಮಾಡಿದ್ರೆ ಆರ್ಮ್ ಸರಿಯಾದ ಕೋನದಲ್ಲಿ ನಿಲ್ಲತ್ತೆ, ಎತ್ತರ ಎರಡೂ ಕಡೆ ಸಮ ಬರತ್ತೆ.

ಸ್ಪ್ಯಾನರ್_ಸೆಟ್

ಹಿಂದಿನ ಆರ್ಮ್ ಕಥೆ ಹಳೇ ಮಿನಿಯದ್ದೂ ಅದೇ. 1959ರ ಅಲೆಕ್ ಇಸಿಗೋನಿಸ್ ವಿನ್ಯಾಸ, 2000ದವರೆಗೆ ಬಂತು. ಆರ್ಮ್‌ನ ಒಂದು ತುದಿಯಲ್ಲಿ ಸೂಜಿ ಬೇರಿಂಗ್, ಇನ್ನೊಂದರಲ್ಲಿ ಕಂಚಿನ ಬುಷ್. ಗ್ರೀಸ್ ನಿಪ್ಪಲ್ ಇದೆ, 5,000 ಕಿ.ಮೀ.ಗೊಮ್ಮೆ ಗನ್ ಹಿಡಿದ್ರೆ ಸಾಕು. ಯಾರೂ ಹಿಡಿಯಲ್ಲ. ಬದಲಿಸುವಾಗ ಕಂಚಿನ ಬುಷ್ ಹೊಡೆದು ಕೂರಿಸಿದ್ರೆ ಆಗಲ್ಲ, ಬೇರಿಂಗ್‌ನ ನೇರಕ್ಕೇ ರೀಮರ್ (ತೂತನ್ನ ಅಳತೆಗೆ ಹೆರೆಯೋ ಉಪಕರಣ) ಆಡಿಸಬೇಕು.

ಮಿನಿಯ ಖುಷಿ ಗೋ-ಕಾರ್ಟ್ ಥರದ ಸ್ಟಿಯರಿಂಗ್. ಸ್ಪ್ರಿಂಗ್ ಬದಲು ರಬ್ಬರ್ ಕೋನ್ ಇರೋದ್ರಿಂದ ಬಾಡಿ ವಾಲೋದು ಕಮ್ಮಿ. ಆ ಕೋನ್ ವರ್ಷ ಕಳೆದಂತೆ ಕುಗ್ಗಿ ಗಟ್ಟಿಯಾಗತ್ತೆ, ಆಗ ಗಾಡಿ ತಗ್ಗಿ ಕುಟ್ಟೋಕೆ ಶುರು. ಕೆಲವರು ಅದನ್ನೇ "ಸ್ಪೋರ್ಟಿ" ಅಂದ್ಕೊಂಡು ಓಡಿಸ್ತಾರೆ, ಪಾಪ.

ಆಯಿಲ್ ವಿಷಯ ಮುಖ್ಯ. ಗೇರ್‌ಬಾಕ್ಸ್ ಎಂಜಿನ್ ಕೆಳಗೆ ಸಂಪ್‌ನಲ್ಲೇ ಇದೆ, ಇಬ್ಬರಿಗೂ ಒಂದೇ ಆಯಿಲ್, ಸುಮಾರು 5 ಲೀಟರ್. ಗೇರ್ ಹಲ್ಲುಗಳು ಆಯಿಲ್‌ನಲ್ಲಿರೋ ಪಾಲಿಮರ್‌ನ ಕತ್ತರಿಸಿಹಾಕ್ತವೆ, ದಪ್ಪ ಬೇಗ ಕಮ್ಮಿಯಾಗತ್ತೆ. 20ಡಬ್ಲ್ಯು-50 ಹಾಕಿ, 5,000ಕ್ಕೆ ಬದಲಿಸಿ. ಡ್ರೈನ್ ಪ್ಲಗ್‌ನಲ್ಲಿ ಆಯಸ್ಕಾಂತ ಇದೆ. ಅದಕ್ಕೆ ಬೂದು ಕೆಸರು ಅಂಟಿದ್ರೆ ಮಾಮೂಲು, ಬೆರಳಿಗೆ ಚುಚ್ಚೋ ಚೂರು ಸಿಕ್ರೆ ಗೇರ್‌ಬಾಕ್ಸ್ ಬಿಚ್ಚೋ ದಿನ ಹತ್ತಿರ. ಮಳೆಯಲ್ಲಿ ಎಂಜಿನ್ ಮಿಸ್ ಹೊಡೆದ್ರೆ ಗ್ರಿಲ್ ಹಿಂದೆಯೇ ಇರೋ ಡಿಸ್ಟ್ರಿಬ್ಯೂಟರ್ ಒದ್ದೆಯಾಗಿದೆ. ಐದು ಬೆರಳಿನ ರಬ್ಬರ್ ಕೈಗವಸು ಕೂರಿಸಿ, ಬೆರಳಿಗೊಂದು ವೈರ್ ತೂರಿಸೋ ಹಳೇ ಉಪಾಯ ಇವತ್ತೂ ಕೆಲಸ ಮಾಡತ್ತೆ.

ಮೂರನೇ_ಗೇರು

ಬುಷ್ ಮಾತು ಬಂತಲ್ಲ, ರಬ್ಬರ್ ಬದಲು ಪಾಲಿಯೂರಿಥೇನ್ ಹಾಕಿದ್ರೆ ಬಾಳಿಕೆ, ಸ್ಟಿಯರಿಂಗ್ ಚುರುಕು ಎರಡೂ ಸಿಗತ್ತೆ ಅನ್ನೋದು ನನ್ನ ಅಭಿಪ್ರಾಯ.

ಸ್ಪ್ಯಾನರ್_ಸೆಟ್

ಎಲ್ಲಾ ಕಡೆ ಅಲ್ಲ ಗುರು. ಎಂಎಕ್ಸ್-5ರ ವಿಶ್‌ಬೋನ್ ಥರ ಒಂದೇ ಅಕ್ಷದ ಮೇಲೆ ತಿರುಗೋ ಕಡೆ ಸರಿ, ಅದೂ ಗ್ರೀಸ್ ಹಚ್ಚಿದ್ರೆ. ಜಿಮ್ನಿಯ ಲೀಡಿಂಗ್ ಆರ್ಮ್ ಥರ ಆಕ್ಸಲ್ ಓರೆಯಾದಾಗ ಬುಷ್ ತಿರುಚಿಕೊಳ್ಳಬೇಕಾದ ಕಡೆ ಪಾಲಿ ಹಾಕಿದ್ರೆ ಕಚ್ಚಿಕೊಳ್ಳತ್ತೆ. ಚಕ್ರ ಆಡಲ್ಲ, ಜೋರಾದ ಪೆಟ್ಟು ಬ್ರ್ಯಾಕೆಟ್ ಮೇಲೆ ಬೀಳತ್ತೆ.

ಇನ್ನು ರಬ್ಬರ್ ಬುಷ್ ಬೇಗ ಹೋಗತ್ತೆ ಅನ್ನೋರಲ್ಲಿ ಬಹುಪಾಲು ಜನ ಹಾಕಿದ ರೀತಿ ತಪ್ಪು. ರಬ್ಬರ್ ಬುಷ್ ಒಳಗಿನ ಕೊಳವೆ ಬೋಲ್ಟ್ ಬಿಗಿಯಾದಾಗ ಬ್ರ್ಯಾಕೆಟ್‌ಗೆ ಅಂಟಿ ನಿಲ್ಲತ್ತೆ, ಚಲನೆ ಎಲ್ಲ ರಬ್ಬರ್ ತಿರುಚೋದ್ರಿಂದ ಬರತ್ತೆ. ಕಾರು ಜ್ಯಾಕ್ ಮೇಲೆ, ಚಕ್ರ ಜೋತಾಡ್ತಾ ಇರುವಾಗ ಬಿಗಿ ಮಾಡಿದ್ರೆ, ಕೆಳಗೆ ಇಳಿಸಿದ ಕ್ಷಣದಿಂದ ರಬ್ಬರ್ ಯಾವಾಗ್ಲೂ ತಿರುಚಿದ ಸ್ಥಿತಿಯಲ್ಲೇ ಇರತ್ತೆ. ಒಂದು ವರ್ಷದಲ್ಲಿ ಹರಿಯತ್ತೆ, ಗಾಡಿ ಎತ್ತರವೂ ತಪ್ಪಿರತ್ತೆ. ಬೋಲ್ಟ್ ಕೈಬಿಗಿ ಮಾಡಿ, ಕಾರನ್ನ ನಾಲ್ಕು ಚಕ್ರದ ಮೇಲೆ ಇಳಿಸಿ ಇಲ್ಲವೇ ಆರ್ಮ್ ಕೆಳಗೆ ಜ್ಯಾಕ್ ಕೊಟ್ಟು ಓಡುವ ಎತ್ತರಕ್ಕೆ ತಂದು, ಆಮೇಲೆ ಟಾರ್ಕ್ ಹಾಕಿ. ಪಾಲಿಗೆ ಈ ನಿಯಮ ಇಲ್ಲ, ಅದು ಕೊಳವೆ ಮೇಲೆ ಜಾರತ್ತೆ. ಅದಕ್ಕೇ ಪಾಲಿ ಹಾಕಿದ ಮೇಲೆ "ಸರಿಹೋಯ್ತು" ಅನ್ಸೋದು.

ರೆಡ್‌ಲೈನ್

ಹೋಂಡಾದ ಬಿ16ಎ ಎಂಜಿನ್ ಇರೋ ಯಾವುದೇ ಸಿವಿಕ್ ಅಥವಾ ಇಂಟೆಗ್ರಾ. 1989ರಲ್ಲಿ 1.6 ಲೀಟರ್‌ನಿಂದ 160 ಪಿಎಸ್, ಟರ್ಬೊ ಇಲ್ಲದೆ. ಕಮ್ಮಿ ಆರ್‌ಪಿಎಂನಲ್ಲಿ ಸಾಧು, ಹೆಚ್ಚಿನ ಆರ್‌ಪಿಎಂನಲ್ಲಿ ಕ್ಯಾಮ್ (ವಾಲ್ವ್ ತೆರೆಯೋ ಉಬ್ಬು) ಬದಲಾದ ಕೂಡಲೇ ಇನ್ನೊಂದೇ ಎಂಜಿನ್.

ಆ ಬದಲಾವಣೆ ಆಗ್ತಿಲ್ಲ ಅಂದ್ರೆ ಮೊದಲು ಡಿಪ್‌ಸ್ಟಿಕ್ ನೋಡಿ. ಕ್ಯಾಮ್ ಬದಲಿಸೋ ಪಿನ್‌ಗಳನ್ನ ತಳ್ಳೋದು ಆಯಿಲ್ ಒತ್ತಡ, ಆಯಿಲ್ ಕಮ್ಮಿ ಇದ್ರೆ ಇಲ್ಲ. ಎಂಜಿನ್ ಬಿಸಿಯಾಗೋ ತನಕವೂ ಇಲ್ಲ. ಆಮೇಲೆ ಸೊಲೆನಾಯ್ಡ್ (ಆ ಆಯಿಲ್ ಬಿಡೋ ಎಲೆಕ್ಟ್ರಿಕ್ ವಾಲ್ವ್) ಬಿಚ್ಚಿದ್ರೆ ಅದರ ಗ್ಯಾಸ್ಕೆಟ್‌ನಲ್ಲೇ ಒಂದು ಪುಟ್ಟ ಜಾಲರಿ ಇದೆ, ಅದರಲ್ಲಿ ಕೆಸರು ಕಟ್ಟಿರತ್ತೆ. ಬದಲಿಸಿ. ಕೆಳಗೆ ಆಯಿಲ್ ಸೋರ್ತಿದ್ರೂ ಕಾರಣ ಬಹುಶಃ ಇದೇ ಗ್ಯಾಸ್ಕೆಟ್, ಹೆಡ್ ಗ್ಯಾಸ್ಕೆಟ್ ಅಂತ ಹೆದರಿಸೋರು ಇರ್ತಾರೆ. ವಾಲ್ವ್ ಕ್ಲಿಯರೆನ್ಸ್ ತಣ್ಣಗಿದ್ದಾಗ ಇಂಟೇಕ್ 0.15ರಿಂದ 0.19 ಮಿ.ಮೀ., ಎಕ್ಸಾಸ್ಟ್ 0.17ರಿಂದ 0.21. ಮಜ್ದಾ ಥರ ಅಲ್ಲ ಇದು, ಬೆಲ್ಟ್ ಹೋದ್ರೆ ವಾಲ್ವ್ ಬಗ್ಗತ್ತೆ.

ಬಿಸಿಲಲ್ಲಿ ನಿಲ್ಲಿಸಿದ್ಮೇಲೆ ಸ್ಟಾರ್ಟ್ ಆಗ್ತಿಲ್ಲ, ಸಂಜೆ ತಣ್ಣಗಾದ್ಮೇಲೆ ಆಗತ್ತೆ ಅಂದ್ರೆ ಮೇನ್ ರಿಲೇ. ಚಾವಿ ಆನ್ ಮಾಡಿದಾಗ ಎರಡು ಸೆಕೆಂಡ್ ಫ್ಯೂಯೆಲ್ ಪಂಪ್ ಗುಂಯ್ ಅನ್ನೋದು ಕೇಳ್ಬೇಕು. ಕೇಳ್ಲಿಲ್ಲ ಅಂದ್ರೆ ರಿಲೇ ಬಿಚ್ಚಿ ಒಳಗಿನ ಬೆಸುಗೆ ನೋಡಿ, ಕಾಲಿನ ಸುತ್ತ ಉಂಗುರದ ಥರ ಸಣ್ಣ ಬಿರುಕು ಇರತ್ತೆ. ಹಳೇ ಬೆಸುಗೆ ತೆಗೆದು ಹೊಸದು ಹಾಕಿದ್ರೆ ಮುಗೀತು.

ಗೇರ್‌ಬಾಕ್ಸ್‌ಗೆ ದಪ್ಪ ಜಿಎಲ್-5 ಹಾಕ್ಬೇಡಿ. ಹಿತ್ತಾಳೆ ಸಿಂಕ್ರೊ ತಿಂದುಹಾಕತ್ತೆ.

ಫೀಲರ್_ಗೇಜ್

ಹಾಕಬಾರದು ನಿಜ, ಆದ್ರೆ ಕಾರಣ ಸ್ವಲ್ಪ ಬೇರೆ. ಸಿಂಕ್ರೊ ಉಂಗುರ ಕೆಲಸ ಮಾಡುವುದೇ ಉಜ್ಜಿ. ಗೇರಿನ ಶಂಕುವಿಗೆ ತಾಗಿ ವೇಗ ಸಮ ಮಾಡಬೇಕು. ಹೈಪಾಯ್ಡ್ ಡಿಫರೆನ್ಷಿಯಲ್‌ಗಾಗಿ ಮಾಡಿದ ಜಿಎಲ್-5ರಲ್ಲಿ ಒತ್ತಡ ತಡೆಯುವ ಗಂಧಕ-ರಂಜಕದ ಅಂಶ ಹೆಚ್ಚು. ಅದು ಉಜ್ಜುವ ಜಾಗವನ್ನೇ ಜಾರುವಂತೆ ಮಾಡ್ತದೆ. ಉಂಗುರ ಹಿಡಿಯುವುದಿಲ್ಲ, ಗೇರ್ ಕಿರ್ ಅಂತದೆ, ಜನ ಬಲವಾಗಿ ತಳ್ತಾರೆ, ಹಲ್ಲು ಸವೆಯುವುದು ಆಗ. ಗಂಧಕ ಹಿತ್ತಾಳೆ ತಿನ್ನುವುದು ಆಯಿಲಿನ ತಯಾರಿ ಮತ್ತು ಬಿಸಿ ಮೇಲೆ ಹೋಗ್ತದೆ, ಎಲ್ಲದರಲ್ಲೂ ಒಂದೇ ರೀತಿ ಅಲ್ಲ. ಹೋಂಡಾಗೆ ಅವರದೇ ತೆಳು ಮ್ಯಾನ್ಯುವಲ್ ಟ್ರಾನ್ಸ್‌ಮಿಷನ್ ಆಯಿಲ್ ಹಾಕಿದ್ರೆ ಈ ಚರ್ಚೆಯೇ ಬೇಡ.

ಗಾಳಿ_ತಂಪು

ಇಷ್ಟು ಹೊತ್ತಾದ್ರೂ ಯಾರೂ ಬೀಟಲ್ ಹೆಸರು ಎತ್ತಲಿಲ್ಲವಲ್ಲ! 2,15,29,464 ಕಾರು, ಕೊನೆಯದು 2003ರ ಜುಲೈ 30ರಂದು ಮೆಕ್ಸಿಕೊದ ಪುಯೆಬ್ಲಾದಲ್ಲಿ. ಮುಂದೆ ಎಂಜಿನ್ ಭಾರ ಇಲ್ಲದ್ದರಿಂದ ಪವರ್ ಸ್ಟಿಯರಿಂಗ್ ಇಲ್ಲದೆಯೂ ಬೆರಳಲ್ಲಿ ತಿರುಗತ್ತೆ. 1960ರ ದಶಕದ ಮಾದರಿಗಳಲ್ಲಿ ಗಾಜು ತೊಳೆಯೋ ನೀರನ್ನ ಸ್ಟೆಪ್ನಿಯ ಗಾಳಿ ತಳ್ತಿತ್ತು. ಗಾಜು ಹೆಚ್ಚು ತೊಳೆದವರ ಸ್ಟೆಪ್ನಿಯಲ್ಲಿ ಗಾಳಿ ಕಮ್ಮಿ.

ಟ್ಯಾಪೆಟ್ ಎಲ್ಲವೂ 0.15 ಮಿ.ಮೀ., ಎಂಜಿನ್ ಪೂರ್ತಿ ತಣ್ಣಗಿರಬೇಕು. ರೋಟರ್ ಡಿಸ್ಟ್ರಿಬ್ಯೂಟರ್ ಅಂಚಿನ ಗೀಟಿಗೆ ಬಂದಾಗ ಒಂದನೇ ಸಿಲಿಂಡರ್ ಮೇಲಿದೆ. ಅದನ್ನ ಮುಗಿಸಿ ಕ್ರ್ಯಾಂಕ್ ಪುಲಿಯನ್ನ ಎಡಕ್ಕೆ, ಅಂದ್ರೆ ಉಲ್ಟಾ, ಅರ್ಧ ಸುತ್ತು ತಿರುಗಿಸಿದ್ರೆ ಎರಡನೇದು ಬರತ್ತೆ, ಮತ್ತರ್ಧಕ್ಕೆ ಮೂರು, ಆಮೇಲೆ ನಾಲ್ಕು. ಫೈರಿಂಗ್ ಕ್ರಮ 1-4-3-2 ಆಗಿರೋದ್ರಿಂದ ಈ ಅನುಕೂಲ. ಮೂರನೇ ಸಿಲಿಂಡರ್ ಮೇಲೆ ಕಣ್ಣಿರಲಿ. ಹಳೇ ಮಾದರಿಯಲ್ಲಿ ಆಯಿಲ್ ಕೂಲರ್ ಅದಕ್ಕೆ ಹೋಗೋ ಗಾಳಿಗೆ ಅಡ್ಡ ಕೂತಿದೆ, ಅದರ ಎಕ್ಸಾಸ್ಟ್ ವಾಲ್ವ್ ಮೊದಲು ಸಾಯೋದು. ಅಲ್ಲಿ ಕ್ಲಿಯರೆನ್ಸ್ ಪ್ರತಿ ಸಲ ಕಮ್ಮಿಯಾಗ್ತಾ ಇದ್ರೆ ವಾಲ್ವ್ ಉದ್ದವಾಗ್ತಿದೆ ಅಂತ ಅರ್ಥ, ಹೊಂದಿಸ್ತಾ ಓಡಿಸಿದ್ರೆ ಒಂದು ದಿನ ತಲೆ ಕಳಚಿ ಪಿಸ್ಟನ್ ಮೇಲೆ ಬೀಳತ್ತೆ.

ಆಯಿಲ್ 2.5 ಲೀಟರ್, ಪೇಪರ್ ಫಿಲ್ಟರ್ ಇಲ್ಲ, ತಂತಿ ಜಾಲರಿ ಮಾತ್ರ. ಜಾಲರಿ ತಟ್ಟೆಯ ಸಣ್ಣ ನಟ್‌ಗಳಿಗೆ 7 ನ್ಯೂಟನ್ ಮೀಟರ್ ಸಾಕು. ಸೋರ್ತಿದೆ ಅಂತ ಬಲ ಹಾಕಿದ್ರೆ ಸ್ಟಡ್ ಕೇಸ್‌ನಿಂದಲೇ ಕಿತ್ತು ಬರತ್ತೆ. ಫ್ಯಾನ್ ಬೆಲ್ಟ್ ಬಿಗಿ ಮಾಡೋಕೆ ಪುಲಿಯ ಎರಡು ಹೋಳುಗಳ ನಡುವಿನ ಶಿಮ್ ತೆಗೆದು ಹೊರಗಡೆ ಹಾಕೋದು. ಹೊರಗಿಟ್ರೆ ಕಳೆದೂ ಹೋಗಲ್ಲ. ಓಡುವಾಗ ಜನರೇಟರ್ ಕೆಂಪು ದೀಪ ಹತ್ತಿದ್ರೆ ಬ್ಯಾಟರಿ ಚಾರ್ಜ್ ಅಷ್ಟೇ ತಾನೆ ಅಂತ ಮುಂದೆ ಹೋಗ್ಬೇಡಿ. ಕೂಲಿಂಗ್ ಫ್ಯಾನ್ ಅದೇ ಬೆಲ್ಟ್ ಮೇಲಿದೆ.

ಇದೆಲ್ಲಕ್ಕಿಂತ ಮೊದಲು ಪೆಟ್ರೋಲ್ ಹೋಸ್. ಬಟ್ಟೆ ಹೆಣೆದ ಹಳೇ ಹೋಸ್ ಒಳಗೇ ಬಿರುಕು ಬಿಟ್ಟಿರೋದು ಹೊರಗೆ ಕಾಣಲ್ಲ, ಸೋರಿದ್ರೆ ಬೀಳೋದು ಬಿಸಿ ಎಂಜಿನ್ ಮೇಲೆ. ಎಲ್ಲವನ್ನೂ ಕ್ಲಿಪ್ ಸಮೇತ ಬದಲಿಸಿ.

ಪ್ಲಗ್_ಪಾಯಿಂಟ್

ಎಲೆಕ್ಟ್ರಿಕ್ ಕಾರು ಇಷ್ಟಪಡೋರಿಗೆ ಇಲ್ಲಿ ಜಾಗ ಇದೆಯಾ?

ಎಡಗಾಲು_ಬ್ರೇಕ್

ಯಾಕಿಲ್ಲ? ಕಾಲಿಗೆ ತಡವಿಲ್ಲದೆ ಉತ್ತರ ಕೊಡೋದರಲ್ಲಿ ಅದನ್ನ ಮೀರಿಸೋದು ಕಷ್ಟ. ಬ್ರೇಕ್ ಮಾತ್ರ ಗಮನಿಸಿ. ಬಹುಪಾಲು ಮೋಟರೇ ನಿಧಾನ ಮಾಡೋದ್ರಿಂದ ಡಿಸ್ಕ್ ಬಳಕೆಯಿಲ್ಲದೆ ತುಕ್ಕು ಹಿಡಿಯತ್ತೆ, ಕ್ಯಾಲಿಪರ್ ಪಿನ್ ಅಂಟಿಕೊಳ್ಳತ್ತೆ. ವಾರಕ್ಕೊಮ್ಮೆ ಖಾಲಿ ರಸ್ತೆಯಲ್ಲಿ ಹಿಂದೆ ಯಾರಿಲ್ಲ ಅಂತ ನೋಡಿ, ರೀಜೆನ್ (ಮೋಟರ್ ನಿಧಾನ ಮಾಡೋದು) ಕಮ್ಮಿ ಇಟ್ಟು ನಾಲ್ಕೈದು ಸಲ ಗಟ್ಟಿಯಾಗಿ ಬ್ರೇಕ್ ಹಾಕಿ. ಕ್ಯಾಲಿಪರ್ ಪಿನ್‌ಗೆ ವರ್ಷಕ್ಕೊಮ್ಮೆ ಸಿಲಿಕೋನ್ ಗ್ರೀಸ್.

ರೆಡ್‌ಲೈನ್

ಎಲ್ಲಾ ಕಾರಿಗೂ ಒಂದು ಮಾತು: ಟೈರ್. ಪಕ್ಕದಲ್ಲಿ ನಾಲ್ಕಂಕಿ ತಾರೀಕು ಇರತ್ತೆ, 2319 ಅಂದ್ರೆ 2019ರ 23ನೇ ವಾರ. ಕಮ್ಮಿ ಓಡೋ ಕಾರಿನ ಟೈರ್ ಗೀರು ಆಳ ಇದ್ದೂ ಕಲ್ಲಾಗಿರತ್ತೆ. ಎಂಎಕ್ಸ್-5ಗೆ 185/60 ಆರ್14, ಗಾಳಿ 26 ಪಿಎಸ್‌ಐ. ಅದಕ್ಕೆ 17 ಇಂಚಿನ ಅಗಲ ಚಕ್ರ ಹಾಕಿ 35 ಗಾಳಿ ತುಂಬಿ "ಸಸ್ಪೆನ್ಷನ್ ಗಡಸು" ಅಂದ್ರೆ ಮಜ್ದಾದವರು ಏನು ಮಾಡ್ತಾರೆ.

ನಾಕ್ಕೂ_ಗಾಲಿ

ಮೂರನೇ ಗೇರು ಅಣ್ಣಾರ, ಆ ಮಜ್ದಾಕ್ಕ ಅಲೈನ್‌ಮೆಂಟ್ ಏನ್ ಇಡಬೇಕ್ರಿ? ಕ್ಯಾಂಬರ್ ಬೋಲ್ಟ್ ತಿರುಗವಲ್ಲವು ಅಂತ ಅಂಗಡ್ಯಾಗ ಕೈ ಎತ್ತತಾರ.

ಮೂರನೇ_ಗೇರು

ರಸ್ತೆ ಬಳಕೆಗೆ ಮುಂದೆ ಕ್ಯಾಂಬರ್ (ಚಕ್ರದ ತಲೆ ಒಳಗೆ ಹೊರಗೆ ವಾಲೋದು) ಮೈನಸ್ 1 ಡಿಗ್ರಿ, ಹಿಂದೆ ಮೈನಸ್ 1.5, ಕ್ಯಾಸ್ಟರ್ (ಚಕ್ರ ತಿರುಗೋ ಅಕ್ಷ ಹಿಂದಕ್ಕೆ ವಾಲೋದು) 5 ಡಿಗ್ರಿ ಆಸುಪಾಸು, ಎರಡೂ ಬದಿ ಸಮ. ಹಿಂದೆ ಸ್ವಲ್ಪ ಟೋ ಇನ್ (ಚಕ್ರಗಳ ಮುಂಭಾಗ ಒಳಮುಖ), ಮುಂದೆ ಸೊನ್ನೆ ಅಥವಾ ಕೂದಲೆಳೆಯಷ್ಟು ಇನ್. ಹಿಂದಿನ ಚಕ್ರ ಮೊದಲು ಹೊಂದಿಸಿ ಆಮೇಲೆ ಮುಂದಿನದು, ಡ್ರೈವರ್ ಸೀಟಿನಲ್ಲಿ ಓಡಿಸುವವರ ತೂಕ ಇಟ್ಟು.

ಬೋಲ್ಟ್ ಅಂಟಿಕೊಂಡಿರೋದು ಬುಷ್‌ನ ಒಳಗಿನ ಕೊಳವೆಗೆ. ನಟ್ ಸಡಿಲ ಮಾಡಿ ಮೂರು ದಿನ ದಿನಕ್ಕೆರಡು ಸಲ ಪೆನೆಟ್ರೇಟಿಂಗ್ ಆಯಿಲ್ ಬಿಡಿ. ಆಮೇಲೆ ಬೋಲ್ಟ್ ತಲೆಯನ್ನ ಒಂದೇ ಕಡೆ ತಿರುಗಿಸದೆ, ಅತ್ತ ಸ್ವಲ್ಪ ಇತ್ತ ಸ್ವಲ್ಪ ಆಡಿಸ್ತಾ ಬನ್ನಿ. ರಬ್ಬರ್ ಸಮೇತ ತಿರುಗಿ ವಾಪಸ್ ಬರ್ತಿದ್ರೆ ಅದು ಬಿಡಲ್ಲ. ತಲೆ ಮತ್ತು ನಟ್ ಎರಡೂ ಕಡೆ ಬ್ರ್ಯಾಕೆಟ್ ಒಳಗೆ ಗರಗಸದ ಬ್ಲೇಡ್ ತೂರಿಸಿ ಕತ್ತರಿಸಿ ಆರ್ಮ್ ಇಳಿಸಬೇಕು. ಹಾಗೆ ಇಳಿದ ಮೇಲೆ ಬುಷ್ ಹೇಗೂ ಹೊಸದು ಬೇಕು, ಬೋಲ್ಟೂ ಹೊಸದು. ಕೂರಿಸುವಾಗ ಬೋಲ್ಟ್ ಮೈಗೆ ತಾಮ್ರದ ಗ್ರೀಸ್ ಹಚ್ಚಿ, ಥ್ರೆಡ್‌ಗೆ ಬೇಡ, ಟಾರ್ಕ್ ತಪ್ಪತ್ತೆ. ಪೂರ್ತಿ ಬಿಗಿ ಮಾಡೋದು ಚಕ್ರ ನೆಲಕ್ಕೆ ತಾಗಿದ ಮೇಲೆ, ಸ್ಪ್ಯಾನರ್_ಸೆಟ್ ಅವರು ಮೇಲೆ ಹೇಳಿದ ಹಾಗೆ.